ಅಟ್ಟದ ಮೇಲಿನ ಕೆಂಪು ಗಿಟಾರ್

ನನ್ನ ಮೊದಲ ಗಿಟಾರನ್ನು ನಾನು ಬಣ್ಣ ನೋಡಿ ಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಗಿಟಾರ್ ಆರಿಸುವುದು ಹೇಗೆ ಅನ್ನುವುದರ ಬಗ್ಗೆ ನಾನು ಬಹಳ ತಿಳಿದವಳ ಹಾಗೆ ಮಾತಾಡಲಿದ್ದೇನೆ. ಅದನ್ನು ಓದಿ ಯಾರೂ ಮೋಸಹೋಗಬಾರದು. ತಿಳಿವಳಿಕೆಯೆಲ್ಲ ನನ್ನ ಜಂಪರಿನೊಳಗೆ ಮಡಚಿಟ್ಟ ಒಂದು ಚೀಟಿಯಲ್ಲಿತ್ತು. ಕಣ್ಣು ಮಾತ್ರ ಕೆಂಪು ಬಣ್ಣದ ಮೇಲಿತ್ತು.

ವಯನಾಡು ಹೊಸ ಜಿಲ್ಲೆಯಾದ ಮರುವರ್ಷ ಅದು. ಕಲ್ಪೆಟ್ಟದಲ್ಲಿ ಒಂದರ ಹಿಂದೊಂದು ಸರ್ಕಾರಿ ಕಚೇರಿಗಳು ತೆರೆಯುತ್ತಿದ್ದವು. ಬೋರ್ಡು ಬಂದಿರುತ್ತಿತ್ತು, ಕುರ್ಚಿ ಬಂದಿರುತ್ತಿರಲಿಲ್ಲ. ಕುರ್ಚಿ ಬಂದ ದಿನ ಅದರ ಮೇಲೆ ಕೂರಬೇಕಾದವರು ಇನ್ನೂ ಕೊಲ್ಲಂನಲ್ಲೋ ಕೋಟ್ಟಯಂನಲ್ಲೋ ರಜೆ ಬರೆದು ಕೂತಿರುತ್ತಿದ್ದರು. ಈ ಗುಡ್ಡಗಾಡಿಗೆ ವರ್ಗವಾಗಿ ಬರುವುದೆಂದರೆ ಕೆಳಗಿನ ಜಿಲ್ಲೆಗಳವರಿಗೆ ಕಾಡಿಗೆ ಅಟ್ಟಿದ ಹಾಗೆ. ಅವರು ಬರದೆ ಇದ್ದದ್ದರಿಂದಲೇ ನನ್ನಂಥವರಿಗೆ ಕೆಲಸ ಸಿಕ್ಕಿತು. ಬತ್ತೇರಿಯಲ್ಲಿ ಟೈಪಿಂಗ್ ಕಲಿತು ಮನೆಯಲ್ಲಿ ಸುಮ್ಮನೆ ಕೂತಿದ್ದ ನಾನು, ಹತ್ತೊಂಬತ್ತನೆಯ ವಯಸ್ಸಿಗೆ, ಹಾಗೊಂದು ಹೊಸ ಕಚೇರಿಯಲ್ಲಿ ತಾತ್ಕಾಲಿಕ ಟೈಪಿಸ್ಟ್ ಆದೆ.

ನಮ್ಮ ಮನೆ ಕೇಣಿಚಿರದಲ್ಲಿ. ಮನೆ ಅಂದರೆ ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅದರ ಹಿಂದೆ ಅಡುಗೆಮನೆ. ಅಪ್ಪ ಹುಡುಗನಾಗಿದ್ದಾಗಲೇ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ದಿನಸಿ ಅಂಗಡಿ ಹಾಕಿ, ಜೊತೆಗೆ ಕರಿಮೆಣಸು ಕೊಂಡು ಮಾರುವ ವ್ಯಾಪಾರ ಹಿಡಿದಿದ್ದ. ಮದುವೆಯಾಗಿ ಬಂದ ಅವ್ವ ತವರಿನಿಂದ ತಂದದ್ದು ಎರಡೇ: ತನ್ನ ಮಾತು ಮತ್ತು ಒಂದು ಚೀಲ ಅವರೆ ಬೀಜ. ಮಾತಿನೊಳಗೆ ಕಾಲಕ್ರಮೇಣ ಅರ್ಧ ಮಲಯಾಳ ಸೇರಿತು. ಅವರೆಗೆ ಮಾತ್ರ ಅವಳು ಏನನ್ನೂ ಸೇರಿಸಗೊಡಲಿಲ್ಲ. ಜೋರು ಮಳೆ ಇಳಿದ ಮೇಲೆ ಹಿತ್ತಲ ಬೇಲಿಗುಂಟ ಬಿತ್ತುವಳು, ಕಾಯಿ ಬಿಟ್ಟಾಗ ಒಳ್ಳೆಯ ಬಳ್ಳಿಯದನ್ನು ಬೀಜಕ್ಕೆ ಬಿಡುವಳು, ಒಣಗಿಸಿ ಬಟ್ಟೆ ಗಂಟು ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಇಡುವಳು. ಪೇಟೆಯ ಅವರೆ ಅವಳ ಬಾಯಿಗೆ ಹಿಡಿಸುತ್ತಿರಲಿಲ್ಲ. 'ಸೊಗಡಿಲ್ಲ' ಅನ್ನುವಳು. ಅವಳ ಈ ಹಟಕ್ಕೆ ನಾನೂ ಅಪ್ಪನೂ ಸೇರಿ ನಗುತ್ತಿದ್ದೆವು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿಗೆ ಕೋಟ್ಟಯಂ ಕಡೆಯಿಂದ ಒಬ್ಬ ಚೇಚಿ ಬಂದರು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು, ಗುಮಾಸ್ತೆ. ವರ್ಗವಾದ ಸಿಟ್ಟಿಗೋ ಏನೋ, ಮೊದಲ ದಿನವೇ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಗಿಟಾರ್ ಹಿಡಿದು ಕಚೇರಿಗೆ ಬಂದಿದ್ದರು. ಊರಿನ ಪಳ್ಳಿಯ, ಅಂದರೆ ಚರ್ಚಿನ, ಹಾಡುವ ಗುಂಪಿನಲ್ಲಿ ಹದಿನೈದು ವರ್ಷ ನುಡಿಸಿದವರು. ಮಧ್ಯಾಹ್ನ ಊಟವಾದ ಮೇಲೆ ಹಳೆಯ ಕಡತಗಳನ್ನಿಡುವ ಕೋಣೆಗೆ ಹೋಗಿ ಅರ್ಧ ಗಂಟೆ ನುಡಿಸುವರು. ಹೊಸ ಜಿಲ್ಲೆಗೆ ಹಳೆಯ ಕಡತ ಎಲ್ಲಿಂದ ಬರಬೇಕು? ಕೋಣೆ ಖಾಲಿ ಬಿದ್ದಿತ್ತು, ಅದಕ್ಕೇ ದನಿ ಅಷ್ಟು ಚೆನ್ನಾಗಿ ತುಂಬುತ್ತಿತ್ತು.

ನಾನು ಮೊದಲು ಬಾಗಿಲ ಹೊರಗೆ ನಿಂತೆ. ಮೂರನೆಯ ದಿನ ಒಳಗೆ ನಿಂತೆ. ಎರಡನೆಯ ವಾರ ಅವರು ಗಿಟಾರನ್ನು ನನ್ನ ಮಡಿಲಿಗಿಟ್ಟು, ನನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ಎತ್ತಿ ತಂತಿಗಳ ಮೇಲೆ ಕೂರಿಸಿ, "ಈಗ ಮೀಟು, ಮೋಳೇ" ಅಂದರು. ಮೋಳೇ ಅಂದರೆ ಮಗಳೇ. ಮೀಟಿದೆ. ಆರು ತಂತಿಯೂ ಒಟ್ಟಿಗೆ ಮಾತಾಡಿದವು. ಎದೆಯೊಳಗೆ ಯಾರೋ ಕಿಟಕಿ ತೆಗೆದ ಹಾಗಾಯಿತು. ಆ ದಿನ ಸಂಜೆ ಬಸ್ಸಿನಲ್ಲಿ ಕೂತು ಮೀನಂಗಾಡಿ ಬಂದದ್ದೂ ಗೊತ್ತಾಗದೆ, ಬಸ್ ಬದಲಿಸುವುದನ್ನು ಮರೆತು ಮುಂದೆ ಹೋಗಿಬಿಟ್ಟಿದ್ದೆ.

ಹಾಗೆ ಆರು ತಿಂಗಳು ಕಲಿತೆ. ಚೈತ್ರದ ಹೊತ್ತಿಗೆ ಚೇಚಿಗೆ ಊರಿಗೆ ವರ್ಗವಾಗುವುದು ಖಾತ್ರಿಯಾಯಿತು. ಓಣಂಗೆ ಮುಂಚೆ ಹೋಗಬೇಕು. ಸುದ್ದಿ ಬಂದ ದಿನ ಕಚೇರಿಗೆಲ್ಲ ಪಾಯಸ ಹಂಚಿದರು. ನಾನು ಪಾಯಸ ತಿನ್ನದೆ ಮೂತಿ ಉಬ್ಬಿಸಿ ಕೂತೆ. ಅವರು ನನ್ನನ್ನು ಕಡತದ ಕೋಣೆಗೆ ಕರೆದುಕೊಂಡು ಹೋಗಿ ಹೇಳಿದ್ದು ಇಷ್ಟು: "ಇಷ್ಟು ದಿನ ಒಂದೇ ಗಿಟಾರಿನಲ್ಲಿ ಕಲಿಸಿದೆ. ಒಬ್ಬರು ನುಡಿಸಿದರೆ ಇನ್ನೊಬ್ಬರು ನೋಡುತ್ತಾ ಕೂರಬೇಕು. ನಾನು ಹೋಗುವುದಕ್ಕೆ ಮುಂಚೆ ಒಂದು ಸಲವಾದರೂ ನಾವಿಬ್ಬರೂ ಎದುರುಬದುರು ಕೂತು ಒಟ್ಟಿಗೆ ನುಡಿಸಬೇಕು. ನೀನು ಒಂದು ಗಿಟಾರ್ ತಗೋ."

ತಗೋ ಅನ್ನುವುದು ಸುಲಭ. ಸಂಬಳದ ಮುಕ್ಕಾಲು ಪಾಲು ಮನೆಗೆ ಕೊಡುತ್ತಿದ್ದೆ. ಬಸ್ಸಿಗೆ, ಮಧ್ಯಾಹ್ನದ ಚಹಾಕ್ಕೆ ಹೋಗಿ ಉಳಿದದ್ದು ಹೆಚ್ಚೇನಿರಲಿಲ್ಲ. ಅವ್ವ ಎರಡು ದಿನ ನನ್ನ ಮುಖ ನೋಡಿದಳು. ಮೂರನೆಯ ದಿನ ಉಪ್ಪಿನ ಭರಣಿಯ ಹಿಂದಿನಿಂದ ಒಂದು ಗಂಟು ತೆಗೆದು ನನ್ನ ಕೈಗಿಟ್ಟಳು. ನಮ್ಮ ಕಡೆ ಮೆಣಸು ಕೊಯ್ಯುವಾಗ ಬಳ್ಳಿಯ ಬುಡದಲ್ಲಿ ಉದುರಿದ ಕಾಳನ್ನು ಆರಿಸಿಕೊಂಡ ಹೆಂಗಸರಿಗೇ ಅದು ಸೇರುತ್ತದೆ. ಗಂಡಸರು ಅದರ ಲೆಕ್ಕ ಕೇಳುವುದಿಲ್ಲ. ಅವ್ವ ಅಕ್ಕಪಕ್ಕದ ತೋಟಗಳಲ್ಲಿ ಬೆನ್ನು ಬಗ್ಗಿಸಿ ಆರಿಸಿದ ಮೆಣಸಿನ ದುಡ್ಡು ಅದು. ನನ್ನದೂ ಅವಳದೂ ಸೇರಿ ಮುನ್ನೂರು ರೂಪಾಯಿಗೆ ಸ್ವಲ್ಪ ಕಡಿಮೆ ಆಯಿತು.

"ಅದೇನ ತರ್ತೀಯೋ, ನೋಡಿ ತಕಂಬಾ. ಎರಡನೇ ಸಲಕ್ಕ ನನ್ ತಾವಿಲ್ಲ" ಅಂದಳು.

ಚೇಚಿ ಒಂದು ಚೀಟಿ ಬರೆದುಕೊಟ್ಟರು. ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳಲ್ಲಿ ಹನ್ನೆರಡನೆಯದರ ಹತ್ತಿರ ತಂತಿಯ ಕೆಳಗೆ ಎರಡು ನಾಲ್ಕಾಣೆ ಬಿಲ್ಲೆ ಒಂದರ ಮೇಲೊಂದು ಇಟ್ಟರೆ ಹಿಡಿಸಬೇಕು, ಮೂರನೆಯದು ಹಿಡಿಸಬಾರದು. ತಂತಿ ಎತ್ತರವಿದ್ದರೆ ಹೊಸಬರ ಬೆರಳು ಹರಿಯುತ್ತದೆ, ಕಲಿಯುವುದನ್ನೇ ಬಿಟ್ಟುಬಿಡುತ್ತಾರೆ. ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡು, ನೆಟ್ಟಗಿರಬೇಕು. ಪ್ರತಿ ಪಟ್ಟಿಯಲ್ಲೂ ಒತ್ತಿ ನುಡಿಸು, ಎಲ್ಲೂ ಗೊರಗೊರ ಅನ್ನಬಾರದು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: ಕಣ್ಣು ಮುಚ್ಚಿ ಆರಿಸು.

ಅಪ್ಪ ಬೆಲ್ಲ ತರಲು ಮೈಸೂರಿಗೆ ಹೋಗುವವನಿದ್ದ. ನಾನೂ ಹೊರಟೆ. ಬತ್ತೇರಿಯಿಂದ ಬಸ್ಸು ಕಾಡು ದಾಟಿ ಗುಂಡ್ಲುಪೇಟೆ ತಲುಪುತ್ತಿದ್ದಂತೆ ಅಪ್ಪನ ಮಾತಿನ ಧಾಟಿಯೇ ಬದಲಾಯಿತು. ಕಿಟಕಿಯಿಂದ ಹೊರಗೆ ಕೈ ಮಾಡಿ ಗುರುತಿಲ್ಲದವರಿಗೂ ನಮಸ್ಕಾರ ಹೇಳಿದ. ಮೈಸೂರಿನಲ್ಲಿ ವೀಣೆ, ತಬಲ, ಹಾರ್ಮೋನಿಯಂ ಮಾರುವ ಒಂದು ಹಳೆಯ ಅಂಗಡಿಗೆ ಕೇಳಿಕೊಂಡು ಹೋದೆವು. ಒಳಗೆ ಗೋಡೆಗೆ ಏಳೆಂಟು ಗಿಟಾರ್ ತೂಗುಹಾಕಿದ್ದರು. ನಮ್ಮ ದುಡ್ಡಿಗೆ ಎಟುಕುವಂಥವು ಎರಡೇ. ಒಂದು ಒಣಹುಲ್ಲಿನ ಬಣ್ಣದ್ದು, ಹೊಳಪಿಲ್ಲ, ಬೆನ್ನ ಮೇಲೊಂದು ಗೀರು. ಇನ್ನೊಂದು ಕೆಂಪು. ಅಂಚಿನಲ್ಲಿ ಕಪ್ಪಾಗಿ, ನಡುವಿಗೆ ಬರುತ್ತಾ ಬರುತ್ತಾ ಕೆಂಡದ ಹಾಗೆ ಆಗಿ, ಮೇಲೆ ಕನ್ನಡಿಯಂಥ ಹೊಳಪು. ಅದರಲ್ಲಿ ನನ್ನ ಮುಖ ಕಾಣಿಸಿತು. ನನ್ನ ಮುಖ ಅಷ್ಟು ಚೆನ್ನಾಗಿರುವುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅಂಗಡಿಯವರು ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವವರು. ನನ್ನ ಮಾತು ಕೇಳಿ, "ನೀವು ಯಾವ ಕಡೆಯವರಮ್ಮ?" ಅಂದರು. ವಯನಾಡು ಅಂದೆ. "ಅಲ್ಲಿ ಕನ್ನಡ ಮಾತಾಡ್ತಾರಾ?" ಅಂತ ಆಶ್ಚರ್ಯಪಟ್ಟರು. ಈ ಪ್ರಶ್ನೆ ನಮಗೆ ಹೊಸದಲ್ಲ. ಕಲ್ಪೆಟ್ಟದಲ್ಲಿ ಮಲಯಾಳ ಮಾತಾಡಿದರೂ ಇದನ್ನೇ ತಿರುಗಿಸಿ ಕೇಳುತ್ತಾರೆ. ಅಪ್ಪ ಉತ್ತರ ಕೊಡುವ ಗೋಜಿಗೆ ಹೋಗದೆ ಆಗಲೇ ಪರೀಕ್ಷೆ ಶುರುಮಾಡಿದ್ದ.

ಅಪ್ಪನಿಗೆ ಗಿಟಾರ್ ಗೊತ್ತಿರಲಿಲ್ಲ, ಸರಕು ಗೊತ್ತಿತ್ತು. ಹುಲ್ಲಿನ ಬಣ್ಣದ್ದನ್ನು ಎತ್ತಿ ಹಲಸಿನ ಹಣ್ಣಿಗೆ ಬಡಿಯುವ ಹಾಗೆ ಬೆರಳ ಗೆಣ್ಣಿನಿಂದ ಬೆನ್ನಿಗೆ ಬಡಿದ. ಕಿವಿಯಿಟ್ಟು ಕೇಳಿದ. ನಡುವಿನ ತೂತಿಗೆ ಮೂಗಿಟ್ಟು ಎಳೆದ. ಆಮೇಲೆ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತಕ್ಕಡಿಯ ಕೋಲು ನೋಡುವಂತೆ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದ. ಚೀಟಿಯಲ್ಲಿದ್ದದ್ದನ್ನು ಚೀಟಿ ಓದದೆಯೇ ಮಾಡಿದ. ನನಗೆ ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯಲಿಲ್ಲ; ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

"ಇದು ಸರಿಯಾಗದ. ಒಣಗಿದ ಮರ" ಅಂದ. ಕೆಂಪನ್ನು ಮುಟ್ಟಿ, ಬೆರಳಿನಿಂದ ಉಜ್ಜಿ, ಬೆರಳನ್ನೇ ನೋಡಿಕೊಂಡ. ಮೆಣಸಿಗೆ ಎಣ್ಣೆ ಸವರಿ ಕಪ್ಪು ಹೊಳಪು ಬರಿಸಿ ತರುವವರನ್ನು ಹಿಡಿಯುವುದು ಅವನು ಹಾಗೆಯೇ. "ಇಷ್ಟ್ಯಾಕ ಮಿಂಚದೆ ಇದು? ಮಿಂಚೋದು ಏನಾರ ಮುಚ್ಚಿಟ್ಕತ್ತದೆ ಕನ, ಕೂಸು."

ನಾನು ಎರಡನ್ನೂ ನುಡಿಸಿದೆ. ಚೇಚಿ ಹೇಳಿದಂತೆ ಕಣ್ಣು ಮುಚ್ಚಿಯೇ ನುಡಿಸಿದೆ. ಹುಲ್ಲಿನ ಬಣ್ಣದ್ದರ ದನಿ ದುಂಡಗೆ, ಆಳವಾಗಿ ಬಂತು. ಕೆಂಪಿನದು ಸ್ವಲ್ಪ ಮೂಗಿನಿಂದ ಮಾತಾಡಿದ ಹಾಗಿತ್ತು. ಇಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೆ ಯಾರಾದರೂ ಏನು ಮಾಡಬೇಕು? ನಾನು ಕಣ್ಣು ತೆರೆದೆ. ಅಲ್ಲಿಗೆ ಮುಗಿಯಿತು. ಬಿಲ್ಲೆ ಇಟ್ಟು ನೋಡಿದೆ. ಕೆಂಪಿನದರ ತಂತಿಯ ಕೆಳಗೂ ಎರಡೇ ಹಿಡಿಸಿದವು. ಇನ್ನೇನು ಬೇಕು, ಪರೀಕ್ಷೆ ಪಾಸಾಯಿತಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಹುಲ್ಲಿನ ಬಣ್ಣದ್ದು ಅರವತ್ತು ರೂಪಾಯಿ ಅಗ್ಗವೂ ಆಗಿತ್ತು.

"ನನಗೆ ಕೆಂಪೇ ಬೇಕು" ಅಂದೆ.

ಅಪ್ಪ ಅಂಗಡಿಯವರ ಮುಖ ನೋಡಿದ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಹೆಣ್ಣುಮಕ್ಕಳೆಲ್ಲ ಅದನ್ನೇ ಕೇಳ್ತಾರೆ" ಅಂದರು. ಅಂಗಡಿಗೆ ಗಿಟಾರ್ ಕೇಳಿಕೊಂಡು ಬಂದ ಎಷ್ಟು ಹೆಣ್ಣುಮಕ್ಕಳನ್ನು ಅವರು ಕಂಡಿದ್ದರೋ. ಅಪ್ಪ, "ನಿನ್ ದುಡ್ಡು, ನಿನ್ ಕಣ್ಣು. ನನ್ ಮಾತಿನ ಬೆಲೆ ನಿಂಗ್ಯಾಕ" ಅಂತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಹಾಗೆ ಕೂತೇ ಚೌಕಾಸಿ ಮಾಡಿ ಹತ್ತು ರೂಪಾಯಿ ಇಳಿಸಿದ. ಗಿಟಾರನ್ನು ಬೆಲ್ಲದ ಮೂಟೆಗಳ ನಡುವೆ ಇಡಲು ಬಿಡದೆ, ಮೈಸೂರಿನಿಂದ ಬತ್ತೇರಿಯವರೆಗೂ ಮಡಿಲಲ್ಲಿಟ್ಟುಕೊಂಡು ಬಂದೆ. ಕಾಡಿನ ದಾರಿಯಲ್ಲಿ ಬಸ್ಸು ಆನೆಗಳಿಗಾಗಿ ನಿಂತಾಗ ಎಲ್ಲರೂ ಆನೆ ನೋಡಿದರು. ನಾನು ಗಿಟಾರ್ ನೋಡಿಕೊಂಡು ಕೂತೆ.

ಮನೆಗೆ ಬಂದಾಗ ಅವ್ವ ಅದರ ಸುತ್ತ ಒಂದು ಸುತ್ತು ಬಂದಳು. "ಚಂದ ಅದ. ನಾಳೆ ಅಟ್ಟಕ್ಕ ಹಾಕ್ಬುಡನ" ಅಂದಳು. ನಾನು ಬೆಚ್ಚಿಬಿದ್ದೆ. ನಮ್ಮಲ್ಲಿ ಹೊಸ ಮೊರ, ಹೊಸ ಬುಟ್ಟಿ, ಮರದ ಹೊಸ ಸಾಮಾನು ಏನೇ ಬರಲಿ, ಬಳಸುವ ಮುಂಚೆ ಕೆಲವು ದಿನ ಒಲೆಯ ಮೇಲಿನ ಬಿದಿರಿನ ಅಟ್ಟದಲ್ಲಿಟ್ಟು ಹೊಗೆ ಕುಡಿಸುತ್ತಾರೆ. ಹೊಗೆ ಕುಡಿದದ್ದಕ್ಕೆ ಹುಳ ಬೀಳುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಇದು ಗಿಟಾರ್, ಮೊರ ಅಲ್ಲ ಎಂದು ನಾನು ಕೂಗಾಡಿದೆ. "ಮರ ತಾನೆ?" ಅಂದಳು ಅವ್ವ. ನಾನು ಅದನ್ನು ನನ್ನ ಮಂಚದ ತಲೆದೆಸೆಗೆ ನಿಲ್ಲಿಸಿ, ಮುಟ್ಟಿದರೆ ಊಟ ಬಿಡುತ್ತೇನೆ ಎಂದು ಹೆದರಿಸಿದೆ. ಊಟ ಬಿಡುವ ಜಾತಿಯವಳಲ್ಲ ನಾನು. ಆದರೂ ಅವಳು ಸುಮ್ಮನಾದಳು.

ಮೇ ತಿಂಗಳು ಸುಖವಾಗಿ ಹೋಯಿತು. ಚೇಚಿ ತಮ್ಮ ಊರಿನ ದೋಣಿಯವರು ಹಾಡುವ ಒಂದು ಧಾಟಿಯನ್ನು ಆರಿಸಿದರು: ಅವರು ರಾಗ ನುಡಿಸುವುದು, ನಾನು ಕೆಳಗಿನಿಂದ ತಾಳಕ್ಕೆ ಸರಿಯಾಗಿ ತಂತಿಗಳನ್ನು ಒಟ್ಟಿಗೆ ಮೀಟುತ್ತಾ ಹೋಗುವುದು. ಮನೆಯಲ್ಲಿ ಸಂಜೆ ಅಭ್ಯಾಸ ಮಾಡುವಾಗ ಅಂಗಡಿಗೆ ಬಂದವರು ಅಪ್ಪನನ್ನು, "ಮಗಳನ್ನ ಪಳ್ಳಿಗೆ ಸೇರಿಸಿದ್ರಾ?" ಅಂತ ರೇಗಿಸುವರು. ಅಪ್ಪ, "ಹೂಂ, ಪಾದ್ರಿಗಳಿಗೂ ಒಂದು ಕಿಲೋ ಸಕ್ಕರೆ ಕಟ್ಲಾ?" ಅಂತ ಕೇಳಿ ವ್ಯಾಪಾರ ಮುಗಿಸುವನು.

ಜೂನ್ ಬಂತು. ನಮ್ಮಲ್ಲಿ ಜೂನ್ ಬಂದರೆ ಚಪ್ಪಲಿಯ ಮೇಲೆ ಹಸಿರು ಬೆಳೆಯುತ್ತದೆ, ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ, ಉಪ್ಪು ನೀರಾಗುತ್ತದೆ. ಒಂದು ಸಂಜೆ ತಂತಿ ಒತ್ತಿದರೆ ಬೆರಳು ಎಂದಿಗಿಂತ ಹೆಚ್ಚು ನೋಯಿತು. ವಾರದೊಳಗೆ ಒತ್ತಿದ ಬೆರಳಿನಲ್ಲಿ ಗೆರೆ ಬಿದ್ದು ರಕ್ತ ಬಂತು. ಅನುಮಾನ ಬಂದು ಬಿಲ್ಲೆ ಇಟ್ಟು ನೋಡಿದೆ. ಮೂರು ಹಿಡಿಸಿದವು. ಜುಲೈ ನಡುವಿನ ಹೊತ್ತಿಗೆ ನಾಲ್ಕು. ಕೆಂಪು ಎದೆ ಹಲಗೆ ಉಂಡು ಮಲಗಿದವರ ಹೊಟ್ಟೆಯಂತೆ ಉಬ್ಬಿತ್ತು.

ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅದನ್ನು ಕಲ್ಪೆಟ್ಟಕ್ಕೆ ಒಯ್ದು ಚೇಚಿಗೆ ತೋರಿಸಿದೆ. ಅವರು ಹಲಗೆಯ ಮೇಲೆ ಅಂಗೈ ಸವರಿ, "ಹಸಿ ಮರಕ್ಕೆ ಬಣ್ಣ ಬಳಿದಿದ್ದಾರೆ, ಮೋಳೇ. ಈಗ ನೀರು ಕುಡಿದಿದೆ. ಒಣಗಿದರೆ ಇಳಿದೀತು" ಅಂದರು. ಬಿಸಿಲಿನ ಸುಳಿವಿಲ್ಲದ ಊರಿನಲ್ಲಿ ಒಣಗಿಸುವುದು ಎಲ್ಲಿ? ಕೋಝಿಕೋಡಿಗೆ ಕಳಿಸಿ ರಿಪೇರಿ ಮಾಡಿಸಲು ದುಡ್ಡೂ ಇರಲಿಲ್ಲ, ದಿನಗಳೂ ಇರಲಿಲ್ಲ. ಅವರು ಹೊರಡಲು ಉಳಿದದ್ದು ಮೂರೇ ವಾರ. ನನ್ನ ಹಾಳು ಕಣ್ಣನ್ನು ನಾನೇ ಬೈದುಕೊಂಡೆ. ಅಪ್ಪ ಒಂದು ಮಾತು ಆಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆ ಮನುಷ್ಯ ಏನೂ ಅನ್ನದೆ, ನನ್ನ ಬೆರಳಿಗೆ ಹಚ್ಚಲು ಅಂಗಡಿಯಿಂದ ಅರಿಶಿನ ತಂದುಕೊಟ್ಟ. ಅದು ಇನ್ನೂ ಚುಚ್ಚಿತು.

ಆ ವಾರ ಕಚೇರಿಗೆ ತನಿಖೆಯವರು ಬರುವುದಿತ್ತು. ಹಗಲೆಲ್ಲ ಟೈಪ್ ಮಾಡಿದರೂ ಮುಗಿಯದಷ್ಟು ಪಟ್ಟಿಗಳು. ಒಂದು ವಾರ ಚೇಚಿಯ ಬಾಡಿಗೆ ಮನೆಯಲ್ಲೇ ಉಳಿದೆ. ಹೊರಡುವಾಗ ಗಿಟಾರನ್ನು ಮಂಚದ ಕೆಳಗೆ ತಳ್ಳಿ, "ಅದನ್ನ ಯಾರಿಗಾದ್ರೂ ಕೊಟ್ಬುಡವ್ವ" ಅಂತ ಅಳುತ್ತಾ ಹೇಳಿ ಬಂದಿದ್ದೆ.

ಶನಿವಾರ ಸಂಜೆ ಮನೆಗೆ ಬಂದೆ. ಮಂಚದ ಕೆಳಗೆ ಗಿಟಾರಿರಲಿಲ್ಲ. ನಿಜವಾಗಿಯೂ ಕೊಟ್ಟುಬಿಟ್ಟಳೇ? ಅಡುಗೆಮನೆಗೆ ಓಡಿದೆ. ಅವ್ವ ಒಲೆ ಊದುತ್ತಿದ್ದಳು. ತಲೆಯೆತ್ತಿ ನೋಡಿದರೆ, ಅಟ್ಟದ ಬಲಮೂಲೆಯಲ್ಲಿ, ಮಸಿ ಹಿಡಿದ ಬಿದಿರುಗಳ ಮೇಲೆ, ಅವಳ ಹಳೆಯ ಸೀರೆಯೊಳಗಿಂದ ನನ್ನ ಗಿಟಾರಿನ ಕತ್ತು ಹೊರಗೆ ಚಾಚಿತ್ತು.

ನಾನು ಏನೆಲ್ಲ ಕೂಗಿದೆನೋ ಪೂರ್ತಿ ನೆನಪಿಲ್ಲ. ಕನ್ನಡ ಸಾಲದೆ ಮಲಯಾಳದಲ್ಲೂ ಕೂಗಿದೆ. ಅವ್ವ ಊದುಗೊಳವೆ ಕೆಳಗಿಟ್ಟು, "ಏಳು ದಿನ ಆಯ್ತು. ಉರಿ ಜೋರು ಮಾಡಿಲ್ಲಕನ, ಬರೀ ಹೊಗೆ. ಇಳಿಸ್ಕ ನೋಡು, ಆಮೇಲ ಬಯ್ಯಿ" ಅಂದಳು.

ಸ್ಟೂಲು ಹತ್ತಿ ಇಳಿಸಿದೆ. ಸೀರೆ ಬಿಚ್ಚಿದೆ. ಕೆಂಪು ಹೋಗಿತ್ತು. ಕನ್ನಡಿಯ ಹೊಳಪೂ ಹೋಗಿತ್ತು. ಇಡೀ ಎದೆ ಹಲಗೆ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿ ಮಂಕಾಗಿತ್ತು. ಆಗ ಅಂಗೈ ಸವರಿ ನೋಡಿದೆ: ಉಬ್ಬು ಇರಲಿಲ್ಲ. ಓಡಿಹೋಗಿ ಅಪ್ಪನ ಗಲ್ಲಾಪೆಟ್ಟಿಗೆಯಿಂದ ನಾಲ್ಕಾಣೆ ಬಿಲ್ಲೆಗಳನ್ನು ತಂದೆ. ಒಂದು ಹಿಡಿಸಿತು. ಎರಡು ಹಿಡಿಸಿದವು. ಮೂರನೆಯದು ಒಳಗೆ ಹೋಗಲೇ ಇಲ್ಲ.

ಶ್ರುತಿ ಮಾಡಿ, ಅಡುಗೆಮನೆಯ ನೆಲದ ಮೇಲೇ ಕೂತು, ಆರೂ ತಂತಿಯನ್ನು ಒಟ್ಟಿಗೆ ಮೀಟಿದೆ. ಮೂಗಿನ ದನಿ ಇರಲಿಲ್ಲ. ಮೈಸೂರಿನ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೇಳಿದ ಇನ್ನೊಂದು ಗಿಟಾರಿನ ದುಂಡನೆಯ ದನಿ ಇದರೊಳಗಿಂದ ಬಂತು. ನಾನು ಕಿರುಚಿದೆ. ಅವ್ವನನ್ನು ತಬ್ಬಿ ಅವಳ ಕೆನ್ನೆಗೆಲ್ಲ ಮಸಿ ಮಾಡಿದೆ. ಕಿರುಚಾಟ ಕೇಳಿ ಬಂದ ಅಪ್ಪ ಬಾಗಿಲಲ್ಲಿ ನಿಂತು ಗಿಟಾರನ್ನು ಮೇಲಿಂದ ಕೆಳಗೆ ನೋಡಿದ.

"ಮಿಂಚದೇ ಇರೋದು ಅಲ್ಲೇ ಇತ್ತಲ್ಲ ಕೂಸು, ಅರವತ್ತು ರೂಪಾಯಿ ಕಮ್ಮಿಗ" ಅಂದ. ಮೂವರೂ ಬಿದ್ದು ಬಿದ್ದು ನಕ್ಕೆವು.

ಅಲ್ಲಿಂದ ಮುಂದೆ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಗಿಟಾರ್ ಅಟ್ಟಕ್ಕೆ ಏರುವುದು, ಸಂಜೆ ನಾನು ಬಂದಾಗ ಇಳಿಯುವುದು. ಬೆರಳುಗಳ ಗಾಯ ಮಾಯಿತು. ದೋಣಿಯ ಧಾಟಿ ಕೈಗೆ ಕೂತಿತು.

ಬೀಳ್ಕೊಡುಗೆಯ ದಿನ ಕಡತದ ಕೋಣೆಯಲ್ಲೇ ಸೇರಿದೆವು. ಭಾಷಣಗಳಾದವು, ಬಾಳೆಕಾಯಿ ಚಿಪ್ಸ್ ಹಂಚಿದರು. ನಾನು ಚೀಲದಿಂದ ಗಿಟಾರ್ ತೆಗೆದೆ. ಮುಂದಿನ ಸಾಲಿನಲ್ಲಿದ್ದವರು ಮೂಗೆಳೆದರು. ಹಿಂದಿನವರೂ ಎಳೆದರು. ಯಾರೋ, "ಎಲ್ಲೋ ಸುಡುತ್ತಿರುವ ವಾಸನೆ" ಅಂದದ್ದೇ ತಡ, ನಮ್ಮ ಪ್ಯೂನ್ ಎದ್ದು ಓಡಿಹೋಗಿ ಬಕೆಟ್ ನೀರು ತಂದು ನಿಂತ. ಒಂದು ವರ್ಷದಲ್ಲಿ ಅಷ್ಟು ಕಷ್ಟಪಟ್ಟು ಕೂಡಿಸಿದ ಜಿಲ್ಲೆಯ ಕಡತಗಳಿಗೆ ಬೆಂಕಿ ಬಿದ್ದರೆ ಗತಿಯೇನು ಎಂದು ಮೂಲೆಮೂಲೆಯನ್ನೂ ಹುಡುಕಿದರು. ನಾನು ನಾಚಿಕೆಯಿಂದ ಕುಗ್ಗಿ, "ಇದು ನನ್ನ ಗಿಟಾರ್" ಅಂದೆ. ಕೋಣೆಗೆ ಕೋಣೆಯೇ ನಕ್ಕಿತು. ಚೇಚಿ ಮಾತ್ರ ಎದ್ದುಬಂದು, ಗಿಟಾರಿನ ತೂತಿಗೆ ಮೂಗಿಟ್ಟು, ಅಪ್ಪ ಅಂಗಡಿಯಲ್ಲಿ ಮಾಡಿದ ಹಾಗೆಯೇ ಉದ್ದಕ್ಕೆ ಉಸಿರೆಳೆದರು. "ನಿನ್ನ ಅಮ್ಮನ ಅಡುಗೆಮನೆ" ಅಂದರು.

ಎದುರುಬದುರು ಕೂತೆವು. ಅವರು ತಲೆಯಾಡಿಸಿ ಶುರುಮಾಡಿದರು. ನಾಲ್ಕನೆಯ ಮೀಟಿಗೆ ನಾನು ಸೇರಿದೆ. ಎರಡು ಗಿಟಾರಿನ ದನಿ ಒಂದರೊಳಗೊಂದು ಸೇರಿದಾಗ ನನಗಾದ ಸಂತೋಷವನ್ನು ಇಂದಿಗೂ ಸರಿಯಾಗಿ ಹೇಳಲು ಬಂದಿಲ್ಲ. ಆರು ತಿಂಗಳು ನೋಡುತ್ತಾ ಕೂತವಳು ಆವತ್ತು ಜೊತೆಗೆ ನಡೆದೆ. ನಡುವೆ ಒಂದು ಕಡೆ ತಪ್ಪಿದೆ. ಚೇಚಿ ಅದೇ ಸಾಲನ್ನು ಇನ್ನೊಂದು ಸಲ ನುಡಿಸಿ ನಾನು ಬಂದು ಸೇರುವವರೆಗೆ ಕಾದರು. ಯಾರಿಗೂ ಗೊತ್ತಾಗಲಿಲ್ಲ. ಮುಗಿದಾಗ ಪ್ಯೂನ್ ಬಕೆಟ್ ಕೆಳಗಿಟ್ಟು ಚಪ್ಪಾಳೆ ತಟ್ಟಿದ.

ಹಾರುತ್ತಲೇ ಮನೆಗೆ ಬಂದೆ. ಅವ್ವನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಕಿತ್ತು. ಅವಳು ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ಕೂತು ಏನನ್ನೋ ಆರಿಸುತ್ತಿದ್ದಳು. ಮೊರದ ತುಂಬ ಪುಡಿ. ನಡುನಡುವೆ ಸೂಜಿ ಚುಚ್ಚಿದಂಥ ತೂತುಗಳಿದ್ದ ಅವರೆ ಕಾಳು. ಕುಟ್ಟೆ ಹುಳು ಹಿಡಿದಿತ್ತು.

"ಇದ್ಯಾಕವ್ವ? ಅಟ್ಟದಲ್ಲಿರಲಿಲ್ವಾ?"

"ಒಣಗಿದ ಮೂಲೆ ಅಂತ ಇರೋದು ಅದೊಂದೇ ಕನ. ಮಿಕ್ಕ ಕಡೆ ಸೋರ್ತದೆ, ಇಲ್ಲಾ ಉರಿ ತಾಕ್ತದೆ. ಅದನ್ನ ಇಳಿಸ್ದೆ, ಇದನ್ನ ಏರಿಸ್ದೆ" ಅಂದಳು, ಗಿಟಾರಿನ ಕಡೆ ಗದ್ದ ತೋರಿಸಿ. ಆಮೇಲೆ, "ಕೂಡಿ ಬಾರಿಸಿದ್ರಾ?" ಅಂತ ಕೇಳಿದಳು.

ಇಪ್ಪತ್ತು ಚಿಲ್ಲರೆ ವರ್ಷ ಒಂದು ಸಲವೂ ತಪ್ಪಿಸದೆ ಕಾಯ್ದುಕೊಂಡು ಬಂದ ಬೀಜ. ನನಗೊಂದು ಮಾತೂ ಹೇಳದೆ ಇಳಿಸಿಬಿಟ್ಟಿದ್ದಳು. ಅವಳ ಪಕ್ಕ ಕೂತು ಮೊರಕ್ಕೆ ಕೈ ಹಾಕಿದೆ. ಇಬ್ಬರೂ ಸೇರಿ ಆರಿಸಿದಾಗ ಗಟ್ಟಿಯಾದ ಕಾಳು ಒಂದು ಹಿಡಿ ಸಿಕ್ಕಿತು.

"ಮತಿ, ಮತಿ. ಇಷ್ಟಿದ್ರೆ ಬೇಲಿ ತುಂಬ್ತದ" ಅಂದಳು, ಸಾಕು ಅನ್ನುವುದನ್ನು ಮಲಯಾಳದಲ್ಲಿ ಹೇಳಿ. "ಈಗ ಬಾರ್ಸು. ಆ ಚೇಚಿ ಇಲ್ದಿದ್ರೇನು, ನಾನು ಕೇಳ್ತೀನಿ."

ಬಾರಿಸಿದೆ. ರಾಗ ನುಡಿಸುವವರು ಇರಲಿಲ್ಲ. ನನಗೆ ಬರುತ್ತಿದ್ದದ್ದು ಕೆಳಗಿನ ಮೀಟು ಮಾತ್ರ. ಅವ್ವ ಒಂದು ಕ್ಷಣ ಕೇಳಿ, ಬೀಜ ಬಿತ್ತುವಾಗ ಗುನುಗುವ ತನ್ನದೊಂದು ಧಾಟಿಯನ್ನು ಅದರ ಮೇಲೆ ತಂದು ಕೂರಿಸಿದಳು. ಅದು ಸರಿಯಾಗಿ ಕೂತಿತು.

ಮಾರನೆಯ ಭಾನುವಾರ ಆ ಹಿಡಿ ಕಾಳನ್ನು ಇಬ್ಬರೂ ಬೇಲಿಗುಂಟ ಊರಿದೆವು. ಜನವರಿಗೆ ಬಳ್ಳಿ ಬೇಲಿ ದಾಟಿ ಪಕ್ಕದ ಮನೆಯ ಬಚ್ಚಲ ಮೇಲೆ ಹತ್ತಿ ಜಗಳ ತಂದಿತು. ಎರಡು ಬುಟ್ಟಿ ಕಾಯಿ ಕೊಟ್ಟು ರಾಜಿ ಮಾಡಿಕೊಂಡೆವು.

ಮುಂದಿನ ಜೂನ್ ಬಂದಾಗ ಅಟ್ಟದ ಒಣಮೂಲೆ ಮತ್ತೆ ಒಂದೇ ಇತ್ತು. ಈ ಸಲ ಗಿಟಾರ್ ಮಂಚದ ಹತ್ತಿರವೇ ಇರಲಿ ಎಂದೆ. ಅವಳು ಬೇಡವೆನ್ನಲಿ ಎಂದು ಒಳಗೊಳಗೇ ಅಂದುಕೊಳ್ಳುತ್ತಾ ಗಟ್ಟಿಯಾಗಿ ಹೇಳಿದೆ. ಅವ್ವ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸಂಜೆ ಬಂದು ಅಟ್ಟದಿಂದ ಗಿಟಾರ್ ಇಳಿಸಿದರೆ ಒಳಗೆ ಏನೋ ಗಲಗಲ ಅಂದಿತು. ತೂತಿನೊಳಗೆ ಇಣುಕಿದೆ. ತಂತಿಗಳನ್ನು ಸರಿಸಿ ಒಳಗೆ ತುರುಕಿದ್ದ ಬಟ್ಟೆಯ ಗಂಟು ಸಡಿಲವಾಗಿ, ಅವರೆ ಬೀಜ ಗಿಟಾರಿನ ಹೊಟ್ಟೆಯ ತುಂಬ ಹರಡಿತ್ತು.

"ಒಳಗ ಅಷ್ಟೊಂದು ಜಾಗ ಸುಮ್ನ ಕೂತಿತ್ತಲ್ಲ" ಅಂದಳು ಅವ್ವ.

ಗಿಟಾರನ್ನು ಬೋರಲು ಹಿಡಿದು ಕುಲುಕಿ ಕುಲುಕಿ ಎಲ್ಲ ಕಾಳನ್ನೂ ಹೊರಗೆ ತೆಗೆದೆವು. ಒಂದು ಮಾತ್ರ ಎಷ್ಟು ಕುಲುಕಿದರೂ ಒಳಗೇ ಉರುಳಾಡಿ ಹೊರಗೆ ಬರಲಿಲ್ಲ. ಅವ್ವ ಹೋಗಿ ಬಹಳ ವರ್ಷಗಳಾದವು. ಈಚೆಗೆ ಒಳ್ಳೆಯ ಗಿಟಾರುಗಳು ಬಂದಿವೆ, ನನ್ನ ಮನೆಯಲ್ಲೂ ಒಂದಿದೆ. ಹಳೆಯದನ್ನು ಎತ್ತಿದರೆ ಆ ಕಾಳು ಇನ್ನೂ ಒಳಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಉರುಳುತ್ತದೆ. ತಂತಿ ಬದಲಿಸಲು ಕೊಟ್ಟಾಗಲೆಲ್ಲ ಅಂಗಡಿಯವರು ತೆಗೆದುಬಿಡಲೇ ಎಂದು ಕೇಳುತ್ತಾರೆ. ಬೇಡ, ಅದು ಇರಲಿ ಅನ್ನುತ್ತೇನೆ.